ದನಿಯ ಋಣ

ಕತ್ತಲಲ್ಲಿ ಯಾರಾದರೂ ಕೆಮ್ಮಿದರೆ ಅದು ಇಂಥವರೇ ಎಂದು ನಾವು ಹೇಳಬಲ್ಲೆವು. ಮೊಳಕಾಲ್ಮೂರಿನ ನೇಕಾರರ ಓಣಿಗಳಲ್ಲಿ ಮಗ್ಗದ ಬಡಿತ ಕೇಳಿಯೇ ಇದು ಯಾವ ಮನೆಯ ಮಗ್ಗ, ಇವತ್ತು ಕೂತಿರುವವನು ಅಪ್ಪನೋ ಮಗನೋ ಎಂದು ಹೇಳುವ ಮುದುಕರನ್ನು ನಾನು ಕಂಡಿದ್ದೇನೆ. ಮಗ್ಗ ಒಂದೇ, ಲಾಳಿ ಓಡುವ ದಾರಿ ಒಂದೇ. ಆದರೂ ಆ ಸದ್ದಿನಲ್ಲಿ ಕೂತವನ ಗುರುತು ಸೇರಿಕೊಂಡಿರುತ್ತದೆ. ಈ ಗುರುತು ಎಲ್ಲಿಂದ ಬರುತ್ತದೆ? ಅದು ಅವನ ಸ್ವಂತದ್ದೆ? ಸ್ವಂತದ್ದಾದರೆ ಅದರ ಮೇಲೆ ಅವನಿಗಿರುವ ಹಕ್ಕು ಎಂಥದು? ಇವು ಹಳೆಯ ಪ್ರಶ್ನೆಗಳೇ. ನನಗೆ ಮಾತ್ರ ಅವು ಹೊಸದಾಗಿ ಎದುರಾದದ್ದು ನನ್ನ ಅಕ್ಕನ ಮಗನಿಂದ.

ಅವನು ಬೆಂಗಳೂರಿನಲ್ಲಿ ಸಂಗೀತ ಮಾಡುತ್ತಾನೆ. ‘ಮಾಡುತ್ತಾನೆ’ ಎಂದೇ ಹೇಳಬೇಕು. ಅವನು ಹಾಡುವುದಿಲ್ಲ, ಯಾವ ವಾದ್ಯವನ್ನೂ ತೊಡೆಯ ಮೇಲಿಟ್ಟುಕೊಂಡು ನುಡಿಸುವುದೂ ಇಲ್ಲ. ಒಂದು ಕಂಪ್ಯೂಟರು, ಒಂದು ಪುಟ್ಟ ಕೀಬೋರ್ಡು, ಕಿವಿಗೆ ಹೆಡ್‌ಫೋನು, ಇಷ್ಟೇ ಅವನ ಸಾಮಗ್ರಿ. ಮಗ ಏನು ಕೆಲಸ ಮಾಡುತ್ತಾನೆಂದು ಊರಲ್ಲಿ ಕೇಳಿದವರಿಗೆ ಅಕ್ಕ ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಸುಮ್ಮನಾಗುತ್ತಾಳೆ. ಒಮ್ಮೆ ಅವನು ರಜೆಗೆ ಬಂದಾಗ, ‘ಇದರಲ್ಲಿ ನೀನು ಮಾಡುವುದಾದರೂ ಏನಪ್ಪಾ, ಎಲ್ಲಾ ಯಂತ್ರವೇ ಮಾಡುತ್ತಲ್ಲ?’ ಎಂದು ಕೇಳಿದೆ. ಅವನಿಗೆ ಬೇಸರವಾಗಲಿಲ್ಲ. ‘ಕೂತ್ಕೊ ಮಾವ, ತೋರಿಸ್ತೀನಿ’ ಅಂದ.

ಅವನು ತೋರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಯಂತ್ರದೊಳಗೆ ಮೊದಲು ಒಂದು ಬರಿಯ ಕಂಪನ ಹುಟ್ಟುತ್ತದೆ. ಅದರ ಆಕಾರ ಗರಗಸದ ಹಲ್ಲಿನಂತಿದ್ದರೆ ದನಿ ಒರಟು. ಅಲೆಯಂತೆ ನಯವಾಗಿದ್ದರೆ ಕೊಳಲಿನ ಹಾಗೆ ಮೃದು. ಗರಗಸದಂಥ ಕಂಪನದಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳೆಲ್ಲ ತುಂಬಿಕೊಂಡಿರುತ್ತವೆ. ಹಾಗೆ ತುಂಬಿದ್ದನ್ನು ಜರಡಿ ಹಿಡಿಯುವುದು ಮುಂದಿನ ಕೆಲಸ. ಯಾವ ಉಪಸ್ವರ ಉಳಿಯಬೇಕು, ಯಾವುದು ಹೋಗಬೇಕು, ಜರಡಿಯ ಕಣ್ಣು ಎಷ್ಟು ಬೇಗ ತೆರೆದು ಎಷ್ಟು ನಿಧಾನವಾಗಿ ಮುಚ್ಚಬೇಕು ಎಂಬುದನ್ನು ತಿರುಗಣೆ ತಿರುಗಿಸಿ ಗೊತ್ತುಮಾಡುತ್ತಾರೆ. ಆಮೇಲೆ ದನಿಯ ಹುಟ್ಟುಸಾವಿನ ಲೆಕ್ಕ: ಥಟ್ಟನೆ ಹುಟ್ಟಬೇಕೋ ಮೆಲ್ಲಗೆ ಏಳಬೇಕೋ, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಆರಬೇಕು. ಕೊನೆಗೆ ಅದನ್ನು ಕೊಂಚ ಸೀಳುವುದು, ಹಿಂಡುವುದು, ಬಾವಿಯೊಳಗಿಂದಲೋ ದೊಡ್ಡ ಗುಹೆಯೊಳಗಿಂದಲೋ ಕೇಳುವ ಹಾಗೆ ಮಾಡುವುದು.

ಒಂದೇ ಸ್ವರ ವೀಣೆಯಲ್ಲಿ ಬೇರೆಯಾಗಿ, ಕೊಳಲಿನಲ್ಲಿ ಬೇರೆಯಾಗಿ ಕೇಳಿಸುವುದು ಉಪಸ್ವರಗಳ ಪ್ರಮಾಣದಿಂದ ಎಂಬುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ತನ್ನ ಗ್ರಂಥದಲ್ಲಿ ವಿವರಿಸಿದ್ದ. ದನಿಯ ಬನಿ ಅಲ್ಲಿದೆ. ಆದರೆ ಅಷ್ಟರಲ್ಲೇ ಇಲ್ಲ ಎಂದು ತೋರಿಸಿದವನು ಫ್ರಾನ್ಸಿನ ಪಿಯರ್ ಶೆಫೆರ್. 1948ರ ಸುಮಾರಿಗೆ ಪ್ಯಾರಿಸ್ಸಿನ ರೇಡಿಯೋ ಕೇಂದ್ರದಲ್ಲಿ ಕೂತು ಅವನು ಗಂಟೆಯ ನಾದವನ್ನು ಮುದ್ರಿಸಿ, ಅದರ ಮೊದಲ ಹೊಡೆತವನ್ನು ಕತ್ತರಿಸಿ ಉಳಿದದ್ದನ್ನು ಮಾತ್ರ ಕೇಳಿಸಿದ. ಅದು ಗಂಟೆಯ ನಾದವೆಂದು ಹೇಳುವುದೇ ಕಷ್ಟವಾಯಿತು. ಹುಟ್ಟಿದ ಕ್ಷಣವನ್ನು ತೆಗೆದುಬಿಟ್ಟರೆ ದನಿ ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದೆ ಅದರ ಅಗತ್ಯ ಬೀಳುತ್ತದೆ.

ನಮ್ಮ ಸಂಗೀತಗಾರರಿಗೆ ಇದು ತಿಳಿಯದ ವಿದ್ಯೆಯೇನೂ ಅಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದೆಳೆ ದಾರವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ನಾದಕ್ಕೆ ಜೀವ ತುಂಬುತ್ತಾರಲ್ಲ, ಅದೂ ಉಪಸ್ವರಗಳನ್ನು ಎಬ್ಬಿಸುವ ಕೆಲಸವೇ. ಸಿ. ವಿ. ರಾಮನ್ ತಂಬೂರಿ ಮತ್ತು ವೀಣೆಯ ಈ ಗುಣದ ಬಗ್ಗೆ, ಮೃದಂಗದ ಕರಣೆಯ ಬಗ್ಗೆ 1920ರ ಹೊತ್ತಿನಲ್ಲೇ ಬರೆದರು. ಮುಂದೆ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರು ಇಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಈ ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಎಷ್ಟು ದೂರ ಹೋಗುತ್ತಿತ್ತೋ ಹೇಳಲಾಗದು. ಯಂತ್ರಕ್ಕೆ ಕಿವಿಯಿಲ್ಲ. ಯಾವ ಝೇಂಕಾರ ಸಾಕು, ಯಾವುದು ಹೆಚ್ಚಾಯಿತು ಎಂದು ಹೇಳಬೇಕಾದವನು ಮನುಷ್ಯನೇ.

ಹಾಗಿದ್ದರೆ ಒಂದೇ ಯಂತ್ರವನ್ನು ಕೊಂಡ ಸಾವಿರ ಜನರಲ್ಲಿ ಒಬ್ಬನ ದನಿ ಮಾತ್ರ ಅವನದೇ ಆಗುವುದು ಹೇಗೆ? ಜಪಾನಿನ ಯಮಾಹಾ ಕಂಪೆನಿ 1983ರಲ್ಲಿ ಮಾರುಕಟ್ಟೆಗೆ ತಂದ ಡಿಎಕ್ಸ್-7 ಎಂಬ ವಾದ್ಯದಲ್ಲಿ ಸಿದ್ಧ ದನಿಗಳು ಮೊದಲೇ ತುಂಬಿದ್ದವು. ಹೊಸ ದನಿ ಕಟ್ಟುವುದು ಅದರಲ್ಲಿ ತೀರ ತೊಡಕಾಗಿದ್ದರಿಂದ ಬಹಳ ಮಂದಿ ಸಿದ್ಧ ದನಿಗಳನ್ನೇ ಬಳಸಿದರು. ಆ ದಶಕದ ಎಷ್ಟೋ ಹಾಡುಗಳಲ್ಲಿ ಅದೇ ಗಾಜಿನಂಥ ಪಿಯಾನೋ ಕೇಳಿಸುತ್ತದೆ. ಹೀಗೆ ಯಂತ್ರ ಕೊಟ್ಟದ್ದನ್ನು ಕೊಟ್ಟಂತೆ ತೆಗೆದುಕೊಂಡವರ ದನಿ ಯಂತ್ರದ ದನಿಯೇ ಆಯಿತು. ಬೇರೆಯಾಗಿ ಕೇಳಿಸಿದವರು ಯಂತ್ರ ಯಾವುದಕ್ಕಾಗಿ ಹುಟ್ಟಿತೋ ಅದನ್ನು ಬಿಟ್ಟು ಇನ್ನೇನನ್ನೋ ಅದರಿಂದ ಮಾಡಿಸಿದವರು.

ರೋಲ್ಯಾಂಡ್ ಕಂಪೆನಿಯ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ಗಿಟಾರು ಅಭ್ಯಾಸ ಮಾಡುವವರಿಗೆ ಮಂದ್ರಸ್ವರದ ಜೊತೆ ಕೊಡಲೆಂದು 1980ರ ದಶಕದ ಆರಂಭದಲ್ಲಿ ಬಂತು. ಯಾರಿಗೂ ಹಿಡಿಸಲಿಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ ಬಂದು ಬಿದ್ದ ಅದನ್ನು ಷಿಕಾಗೋದ ಕಪ್ಪು ಹುಡುಗರು ಅಗ್ಗಕ್ಕೆ ಕೊಂಡು, ನುಡಿಯುತ್ತಿರುವಾಗಲೇ ತಿರುಗಣೆಗಳನ್ನು ಮನಬಂದಂತೆ ತಿರುಗಿಸಿದರು. ಕಿರುಚುವ, ನರಳುವ ಆ ದನಿಯಿಂದ 1987ರಲ್ಲಿ ಒಂದು ಹೊಸ ಸಂಗೀತ ಪ್ರಕಾರವೇ ಹೊರಟಿತು. ಅದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಇದೇ ಪೆಟ್ಟಿಗೆಯಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ರೆಕಾರ್ಡು ತಂದಿದ್ದರು. ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಮರುಮುದ್ರಣವಾದಾಗಲೇ ಜಗತ್ತು ಬೆರಗಾದದ್ದು. ಸ್ವರದಿಂದ ಸ್ವರಕ್ಕೆ ಜಾರುವ ಆ ಪೆಟ್ಟಿಗೆಯ ಗುಣ ಅವರ ಕಿವಿಗೆ ಮೀಂಡಿನಂತೆ ಕೇಳಿಸಿರಬೇಕು. ಆ ಕಿವಿ ಅವರಿಗೆ ಅಂಗಡಿಯಲ್ಲಿ ಸಿಕ್ಕಿದ್ದಲ್ಲ.

ರೋಲ್ಯಾಂಡಿನದೇ ಟಿಆರ್-808 ಎಂಬ ತಾಳಯಂತ್ರದ ಕತೆ ಇನ್ನೂ ವಿಚಿತ್ರ. ಕಂಪೆನಿಯ ಸ್ಥಾಪಕ ಇಕುತಾರೊ ಕಾಕೆಹಾಶಿ ಅದಕ್ಕೆ ಬೇಕೆಂದೇ ದೋಷವಿರುವ ಟ್ರಾನ್ಸಿಸ್ಟರುಗಳನ್ನು ಕೊಳ್ಳುತ್ತಿದ್ದರು. ಆ ದೋಷದ ಸುಯ್ಲಿನಲ್ಲೇ ಅದರ ತಾಳದ ಬನಿ ಇತ್ತು. ಕಾರ್ಖಾನೆಗಳು ಸುಧಾರಿಸಿ ದೋಷವಿಲ್ಲದ ಟ್ರಾನ್ಸಿಸ್ಟರುಗಳನ್ನೇ ತಯಾರಿಸತೊಡಗಿದಾಗ ಆ ಯಂತ್ರ ನಿಂತೇಹೋಯಿತು.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ನೆನಪಾದವನು ನಮ್ಮ ತಾಲ್ಲೂಕಿನ ಅತಿ ಹಳೆಯ ಹೆಸರಿನ ಮನುಷ್ಯ, ಚಪಡ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ; ಬಿ. ಎಲ್. ರೈಸ್ ಅವನ್ನು 1892ರಲ್ಲಿ ಪತ್ತೆಮಾಡಿದರು. ಮಾತು ಚಕ್ರವರ್ತಿಯದು. ಅದೇ ಮಾತು ಬೇರೆ ಬೇರೆ ಸೀಮೆಯ ಬಂಡೆಗಳ ಮೇಲೂ ಇದೆ. ಚಪಡನಿಗೆ ಅದರಲ್ಲಿ ಒಂದಕ್ಷರ ಕೂಡಿಸುವ ಅಧಿಕಾರವಿರಲಿಲ್ಲ. ಆದರೂ ಕೊನೆಯಲ್ಲಿ ಅವನು ತನ್ನ ಹೆಸರು ಬರೆದ. ಬರೆದು, ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಅದನ್ನು ಓದಬಲ್ಲವರು ಆಗ ಇಲ್ಲಿ ಯಾರಿದ್ದರು? ಯಾರೂ ಓದದಿದ್ದರೂ ಅವನ ಕೈ ಎಲ್ಲಿ ಪಳಗಿತ್ತೆಂಬುದು ಆ ಒಂದು ಪದದಲ್ಲಿ ಉಳಿಯಿತು.

ಸ್ವಂತಿಕೆಯೆಂದರೆ ಬಹುಮಟ್ಟಿಗೆ ಇಷ್ಟೇ ಎಂದು ನನಗೆ ಅನ್ನಿಸುತ್ತದೆ. ಕೊಟ್ಟದ್ದನ್ನು ನಾವು ಯಾವ ಕಿವಿಯಿಂದ, ಯಾವ ಕೈಯಿಂದ ತೆಗೆದುಕೊಳ್ಳುತ್ತೇವೋ ಆ ಕಿವಿ ಆ ಕೈ ಎಲ್ಲಿಂದ ಬಂದವೆಂಬುದರ ಗುರುತು ಅದು. ಶೂನ್ಯದಿಂದ ಹುಟ್ಟಿದ ದನಿಯನ್ನು ನಾನು ಕೇಳಿಲ್ಲ. ಇಷ್ಟರವರೆಗೆ ಅಕ್ಕನ ಮಗನಿಗೂ ನನಗೂ ಭಿನ್ನಾಭಿಪ್ರಾಯವಿರಲಿಲ್ಲ. ತೊಡಕು ಬಂದದ್ದು ಉರುಮೆಯಿಂದ.

ಉರುಮೆಯನ್ನು ಕಾಣದವರಿಗಾಗಿ ಹೇಳಬೇಕು. ಅದು ಎರಡು ಮುಖದ ಚರ್ಮವಾದ್ಯ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ದೇವರುಗಳಿಗೆ ಅದು ಬೇಕೇ ಬೇಕು. ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ. ಇನ್ನೊಂದು ಮುಖದ ಮೇಲೆ ಬಾಗಿದ ಕೋಲನ್ನು ಒತ್ತಿ ತೀಡುತ್ತಾರೆ. ಕೋಲು ಚರ್ಮವನ್ನು ಕಚ್ಚಿ ಹಿಡಿದು, ಜಾರಿ, ಮತ್ತೆ ಹಿಡಿಯುವುದರಿಂದ ಹುಟ್ಟುವ ದನಿ ಅದು. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ. ಬಡಿತದ ನಡುವೆ ಒಂದು ಗುಟುರು, ಒಂದು ನರಳಿಕೆ ಏರಿ ಇಳಿಯುತ್ತದೆ. ರಾತ್ರಿಯ ಹೊತ್ತು ಬಯಲಿನಲ್ಲಿ ಅದನ್ನು ಕೇಳಿದವರಿಗೆ, ದೇವರು ಮೈಮೇಲೆ ಬರುವುದೆಂದರೇನೆಂದು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಹುಡುಗ ಚಳ್ಳಕೆರೆ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಈ ಉರುಮೆಯನ್ನು ಮುದ್ರಿಸಿಕೊಂಡಿದ್ದ. ಅದರಲ್ಲಿ ಒಂದು ಗುಟುರನ್ನು ಮಾತ್ರ ಕತ್ತರಿಸಿ, ಮೊದಲಿನ ಹೊಡೆತವನ್ನು ತೆಗೆದು, ನಾಲ್ಕು ಪಟ್ಟು ನಿಧಾನಿಸಿ, ಜರಡಿ ಹಿಡಿದು, ತನ್ನ ಸಂಗೀತದ ಬುಡಕ್ಕೆ ಹಾಸಿದ. ಅದು ಜನಕ್ಕೆ ಹಿಡಿಸಿತು. ಭೂಮಿಯೇ ಉಸಿರಾಡಿದಂಥ ಆ ದನಿ ಕೇಳಿದರೆ ‘ಇದು ಅವನದೇ’ ಎಂದು ಬೆಂಗಳೂರಿನ ಅವನ ಓರಗೆಯವರು ಗುರುತು ಹಿಡಿಯುತ್ತಾರಂತೆ. ಒಂದು ಜಾಹೀರಾತಿಗೂ ಅದು ಹೋಯಿತು, ಒಳ್ಳೆಯ ದುಡ್ಡೂ ಬಂತು. ಮುಂದಿನ ಸಲ ಬಂದಾಗ ಅವನೇ ಆಸೆಪಟ್ಟು ಆ ಉರುಮೆಯ ಮುದುಕನ ಮನೆಗೆ ಹೋದ. ನಾನೂ ಜೊತೆಯಲ್ಲಿದ್ದೆ. ಹೆಡ್‌ಫೋನನ್ನು ಮುದುಕನ ತಲೆಗೆ ಸಿಕ್ಕಿಸಿ ಕೇಳಿಸಿದ. ಮುದುಕ ಕಣ್ಣು ಮುಚ್ಚಿ ಪೂರ್ತಿ ಕೇಳಿದ.

‘ಚೆನ್ನಾಗೈತಪ್ಪ. ಏನಿದು?’

‘ನಿಮ್ಮ ಉರುಮೇನೇ ತಾತ.’

ಮುದುಕ ನಕ್ಕುಬಿಟ್ಟ. ‘ನಮ್ದಾ? ಎಲ್ಲೋ ಹಾಳುಬಾವ್ಯಾಗೆ ಎಮ್ಮೆ ಬಿದ್ದಂಗೈತೆ.’ ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಗೂಟಕ್ಕೆ ನೇತುಹಾಕಿದ್ದ ಉರುಮೆಯ ಕಡೆ ಕೈತೋರಿಸಿದ. ‘ಅದ್ರ ಚರ್ಮ ಹರಿದು ಆರು ತಿಂಗ್ಳಾತು. ಹೊಸದು ಹಾಕಿಸ್ಬೇಕು. ಹುಡುಗ್ರು ಯಾರೂ ಮುಟ್ಟಲ್ಲ ಅದನ್ನ.’

ಅವನು ದುಡ್ಡು ಕೇಳಲಿಲ್ಲ. ಆಪಾದನೆಯನ್ನೂ ಮಾಡಲಿಲ್ಲ. ಬಡಿತ ನಿನ್ನದೋ ಎಂದು ನಾನು ಕೇಳಿದ್ದಕ್ಕೆ, ‘ನಂದೇನು, ನಮ್ಮಪ್ಪ ಬಡೀತಿದ್ದ, ಅವ್ರಪ್ಪ ಬಡೀತಿದ್ದ. ಅಮ್ಮಂದು ಅದು’ ಅಂದ. ಅಮ್ಮನೆಂದರೆ ಅವನ ದೇವರು.

ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ವಾದ ಹೂಡಿದ. ‘ಮಾವ, ಅವರಿಗೇ ಗುರುತು ಸಿಗಲಿಲ್ಲ. ಅಂದ್ಮೇಲೆ ಅದು ಅವರದು ಹೇಗಾಗುತ್ತೆ? ಆ ದನಿ ಕಟ್ಟೋಕೆ ನನಗೆ ಎರಡು ತಿಂಗಳಾಯ್ತು. ಅದೇ ರೆಕಾರ್ಡಿಂಗನ್ನ ಬೇರೆ ಹತ್ತು ಜನಕ್ಕೆ ಕೊಡು, ಹತ್ತೂ ಬೇರೆ ಬೇರೆ ಬರುತ್ತೆ. ಅವರೇ ಹೇಳಿದ್ರಲ್ಲ, ತಮ್ಮದಲ್ಲ ಅಂತ.’

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವನ ಎರಡು ತಿಂಗಳ ದುಡಿಮೆ ನಿಜ. ಸಾಲ ಮಾಡದ ಕಲೆಗಾರನಿಲ್ಲ ಎಂಬುದೂ ನಿಜ. ಮುದುಕನೂ ಅಪ್ಪನಿಂದ ಪಡೆದವನೇ. ಕಾನೂನನ್ನು ಕೇಳೋಣವೆಂದರೆ ಅದು ಅರ್ಧ ಮಾತ್ರ ಉತ್ತರ ಕೊಡುತ್ತದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿ ತಂದು ಹಾಡುವವರ, ನುಡಿಸುವವರ ಹಕ್ಕನ್ನು ಸೇರಿಸಿದರು. 2012ರಲ್ಲಿ ಅದನ್ನು ಇನ್ನಷ್ಟು ಬಲಪಡಿಸಿದರು. ಹಾಗಾಗಿ ಅಂದು ಜಾತ್ರೆಯಲ್ಲಿ ನುಡಿಸಿದವನಿಗೆ ಆ ನುಡಿಸುವಿಕೆಯ ಮೇಲೆ ಹಕ್ಕಿದೆ. ಆದರೆ ತಲೆಮಾರುಗಳಿಂದ ಬಂದ ಬಡಿತಕ್ಕೆ ಕರ್ತೃವಿಲ್ಲ, ಕರ್ತೃವಿಲ್ಲದ್ದಕ್ಕೆ ಒಡೆಯನಿಲ್ಲ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಊರಿನಲ್ಲಿ ನೇಯ್ದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಉರುಮೆಯ ಗುಟುರಿಗೆ ಅಂಥ ಕಾವಲು ಯಾವುದೂ ಇಲ್ಲ.

ಕಾನೂನಿರುವ ಕಡೆಯಲ್ಲೂ ನ್ಯಾಯ ಆಗಿಯೇಬಿಡುತ್ತದೆ ಎನ್ನುವಂತಿಲ್ಲ. ಅಮೆರಿಕೆಯ ವಿನ್‌ಸ್ಟನ್ಸ್ ಎಂಬ ತಂಡದ ಗ್ರೆಗರಿ ಕೋಲ್‌ಮನ್ 1969ರ ಒಂದು ಹಾಡಿನ ನಡುವೆ ಆರೇಳು ಸೆಕೆಂಡು ಡ್ರಮ್ ಬಾರಿಸಿದ. ಮುಂದೆ ಆ ತುಣುಕನ್ನು ಕತ್ತರಿಸಿ, ವೇಗ ಬದಲಿಸಿ, ಸಾವಿರಾರು ಹಾಡುಗಳಲ್ಲಿ ಬಳಸಿದರು. ಲಂಡನ್ನಿನಲ್ಲಿ ಒಂದು ಸಂಗೀತ ಪ್ರಕಾರವೇ ಅದರ ಮೇಲೆ ನಿಂತಿತು. ಕೋಲ್‌ಮನ್ನನಿಗೆ ಅದರಿಂದ ಒಂದು ಬಿಡಿಗಾಸೂ ಬರಲಿಲ್ಲ. 2006ರಲ್ಲಿ ಬಡತನದಲ್ಲೇ ಸತ್ತ. 2015ರಲ್ಲಿ ಕೆಲವರು ಚಂದಾ ಎತ್ತಿ ಆ ತಂಡದ ರಿಚರ್ಡ್ ಸ್ಪೆನ್ಸರ್ ಎಂಬಾತನಿಗೆ ಸುಮಾರು 24,000 ಪೌಂಡು ಒಪ್ಪಿಸಿದರು. ಕಾನೂನು ಹೇಳಿತೆಂದು ಕೊಟ್ಟ ದುಡ್ಡಲ್ಲ ಅದು. ಏನೋ ಬಾಕಿಯಿದೆ ಎಂದು ಅವರಿಗೆ ಅನ್ನಿಸಿತ್ತು. ನನಗೆ ಮುಖ್ಯವಾಗಿ ತೋರುವುದು ಆ ಅನ್ನಿಸಿಕೆ. ಒಡೆಯನಿಲ್ಲದ ವಸ್ತುವಿಗೆ ಋಣವೂ ಇಲ್ಲವೆ?

ನಮ್ಮಂಥ ಮಳೆಯಿಲ್ಲದ ಸೀಮೆಯವರಿಗೆ ಈ ಪ್ರಶ್ನೆಯ ಉತ್ತರ ಬೇರೊಂದು ಕಡೆ ಗೊತ್ತೇ ಇದೆ. ಊರ ಕೆರೆಯ ನೀರು ಯಾರದು? ಯಾರದೂ ಅಲ್ಲ. ಗದ್ದೆಗೆ ಹಾಯಿಸಿಕೊಂಡವನು ಆ ನೀರಿನಿಂದ ಭತ್ತ ಬೆಳೆದರೆ ಭತ್ತ ಅವನದು. ಅವನ ಬೆವರಿನ ಬಗ್ಗೆ ತಕರಾರಿಲ್ಲ. ಆದರೆ ಬೇಸಿಗೆಯಲ್ಲಿ ಹೂಳೆತ್ತುವಾಗ ಅವನು ಬರಬೇಕು, ಏರಿ ಬಿರಿದರೆ ಮಣ್ಣು ಹೊರಬೇಕು. ನೀರು ತನ್ನದಲ್ಲವೆಂಬ ಕಾರಣಕ್ಕೆ ಈ ಕೆಲಸ ತಪ್ಪುವುದಿಲ್ಲ. ಹಿಂದಿನವರು ಇದನ್ನು ನೀರಿನ ಬೆಲೆಯೆಂದು ಎಣಿಸಲಿಲ್ಲ. ಕೆರೆ ಕೆರೆಯಾಗಿ ಉಳಿಯಲು ಸಲ್ಲಿಸಬೇಕಾದ ಪಾಲು ಅದು.

ದನಿಯ ವಿಷಯದಲ್ಲೂ ನಾವು ಕೇಳಬೇಕಾದದ್ದು ಇದನ್ನೇ ಇರಬಹುದು. ಇದು ಯಾರ ಸ್ವತ್ತು ಎಂದು ಕೇಳಿದರೆ ಮುದುಕ ಅಮ್ಮನ ಕಡೆ ಕೈ ತೋರಿಸುತ್ತಾನೆ, ಹುಡುಗ ತನ್ನ ಎರಡು ತಿಂಗಳ ಕಡೆ ತೋರಿಸುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದನ್ನು ಬದುಕಿಸುವ ಖರ್ಚನ್ನು ಯಾರು ಹೊರುತ್ತಿದ್ದಾರೆ ಎಂದು ಕೇಳಿದರೆ ಮಾತ್ರ ಉತ್ತರ ಸ್ಪಷ್ಟ. ಚರ್ಮ ಹಾಕಿಸುವವನು, ಜಾತ್ರೆಯ ರಾತ್ರಿಯೆಲ್ಲ ನಿಂತು ಬಡಿಯುವವನು, ಅದನ್ನು ಮುಟ್ಟಿದ್ದಕ್ಕಾಗಿಯೇ ತಲೆಮಾರುಗಳಿಂದ ಊರಾಚೆ ನಿಂತವನು. ಆ ಅವಮಾನವೂ ಆ ದನಿಯ ಖರ್ಚಿನಲ್ಲಿ ಸೇರಿದೆ. ಅವನ ಮಗ ಉರುಮೆಯನ್ನು ಮುಟ್ಟದಿದ್ದರೆ ಅದನ್ನು ತಪ್ಪೆನ್ನಲು ನಮಗೆ ಬಾಯಿಲ್ಲ. ದನಿಯನ್ನು ಮೆಚ್ಚಿ ತೆಗೆದುಕೊಂಡವನಿಗೆ ಈ ಖರ್ಚಿನಲ್ಲಿ ಪಾಲಿಲ್ಲವೆಂದರೆ ಹೇಗೆ?

ಪಾಲು ಎಂದೊಡನೆ ಬರೀ ದುಡ್ಡನ್ನು ನೆನೆಯಬೇಕಾಗಿಲ್ಲ. ಹೆಸರು ಹೇಳುವುದೂ ಒಂದು ಪಾಲು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ತಾನು ಹಾಡಿದ ಹಾಡುಗಳನ್ನು ತನ್ನವೆಂದು ಹೇಳಿಕೊಂಡವರಲ್ಲ. ಆ ಹಾಡುಗಳನ್ನು ಬರೆದುಕೊಂಡ ಕೃಷ್ಣಮೂರ್ತಿ ಹನೂರರು ಹಾಡಿದವರ ಹೆಸರನ್ನು ಮುಂದಿಟ್ಟರು. ಹಾಡಿದವರು ಯಾರು, ಯಾವ ಊರು ಎಂದು ಬರೆದಿಡುವ ರೂಢಿಯನ್ನು ನಮ್ಮ ಜಾನಪದ ಸಂಗ್ರಾಹಕರು ಕಾನೂನಿಗೆ ಹೆದರಿ ಮಾಡಿದ್ದಲ್ಲ. ಗಂಟೆಯ ಮೊದಲ ಹೊಡೆತ ಕತ್ತರಿಸಿದರೆ ಗಂಟೆಯ ಗುರುತು ಹೋಗುವುದೆಂದು ಹಿಂದೆ ಹೇಳಿದೆನಲ್ಲ. ಊರು ಹೆಸರುಗಳನ್ನು ಕತ್ತರಿಸಿ ದನಿಯನ್ನು ಮಾತ್ರ ಉಳಿಸಿಕೊಳ್ಳುವುದೂ ಅಂಥದೇ ಕೆಲಸ. ಮುದುಕನಿಗೆ ತನ್ನ ಉರುಮೆಯೇ ಗುರುತು ಸಿಗಲಿಲ್ಲವೆಂಬುದು ಹುಡುಗನಿಗೆ ತನ್ನ ಜಾಣ್ಮೆಯ ಸಾಕ್ಷಿಯಾಗಿ ಕಂಡಿತು. ನನಗೆ ಅದು ಋಣದ ಅಳತೆಯಾಗಿ ಕಂಡಿತು. ಎಷ್ಟು ಬದಲಿಸಿದೆವೋ ಅಷ್ಟು ನಮ್ಮದಾಯಿತೆಂದು ಹೇಳಬಹುದು. ಎಷ್ಟು ಬದಲಿಸಿದೆವೋ ಅಷ್ಟು ಹೇಳಬೇಕಾದದ್ದು ಹೆಚ್ಚಾಯಿತೆಂದೂ ಹೇಳಬಹುದು. ಗುರುತು ಸಿಗುವಂತಿದ್ದರೆ ಕೇಳಿದವರೇ ಹೇಳುತ್ತಿದ್ದರಲ್ಲ.

ಈಗ ಆ ಉರುಮೆಗೆ ಹೊಸ ಚರ್ಮ ಬಂದಿದೆ. ಹುಡುಗ ತನ್ನ ಮುಂದಿನ ಕೃತಿಯ ಜೊತೆ ಮುದುಕನ ಹೆಸರನ್ನೂ ಊರನ್ನೂ ಹಾಕಿದ್ದಾನೆ, ಜಾಹೀರಾತಿನಿಂದ ಬಂದದ್ದರಲ್ಲಿ ಒಂದು ಪಾಲು ಕೊಟ್ಟಿದ್ದಾನೆ. ಮುದುಕ ಅದನ್ನು ಇಸಕೊಂಡು ಅಮ್ಮನ ಹುಂಡಿಗೂ ಸ್ವಲ್ಪ ಹಾಕಿದನಂತೆ. ಇಷ್ಟರಿಂದ ಲೆಕ್ಕ ಚುಕ್ತಾ ಆಯಿತೆಂದು ಹುಡುಗನಾಗಲಿ ನಾನಾಗಲಿ ತಿಳಿದಿಲ್ಲ. ಹೂಳೆತ್ತುವುದು ಒಂದು ವರ್ಷದ ಕೆಲಸವಲ್ಲ.

ಒಂದು ಅಂಜಿಕೆ ಮಾತ್ರ ನನ್ನಲ್ಲಿ ಉಳಿದಿದೆ. ಆ ಗುಟುರು ಈಗ ಕಂಪ್ಯೂಟರಿನಲ್ಲಿದೆ, ಇನ್ನು ಅದಕ್ಕೆ ಸಾವಿಲ್ಲ. ಯಾವ ದೇಶದ ಯಾವ ಹುಡುಗ ಬೇಕಾದರೂ ಅದನ್ನು ತೆಗೆದುಕೊಂಡು ತನ್ನ ದನಿ ಕಟ್ಟಬಹುದು, ಕಟ್ಟಲಿ. ಮುದುಕನ ನಂತರ ಚರ್ಮದ ಮೇಲೆ ಬಾಗಿದ ಕೋಲನ್ನು ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಯಾವ ಕೈಯಲ್ಲೂ ಇರದೆ ಹೋದರೆ ಆಗಲೂ ಆ ಒಂದು ಗುಟುರು ಕೇಳಿಸುತ್ತಲೇ ಇರುತ್ತದೆ. ಆದರೆ ಎರಡನೆಯ ಗುಟುರು ಬೇಕೆಂದರೆ ಯಾರನ್ನು ಕೇಳುವುದು? ಮೊನ್ನೆ ಫೋನು ಮಾಡಿದಾಗ ಹುಡುಗ, ಬೇಸಿಗೆಯಲ್ಲಿ ಬಂದು ಒಂದು ತಿಂಗಳು ಇಲ್ಲೇ ಇದ್ದು ಉರುಮೆ ಕಲಿಯುತ್ತೇನೆ ಎಂದ. ಮುದುಕನಿಗೆ ಹೇಳಿದೆ. ‘ಒಂದು ತಿಂಗ್ಳಿಗೆ ಕೋಲು ಹಿಡಿಯೋದು ಬತ್ತೈತೆ, ಬರ್ಲಿ’ ಅಂದ.